ಓದುಗರ ಪ್ರಶ್ನೆ, ನಮ್ಮ ಉತ್ತರ: ಬಾಲಿಯ ಸೂಪರ್‌ಮಾರ್ಕೆಟ್‌ನಲ್ಲಿ ಏನು ಕೊಳ್ಳಬೇಕು, ಏನು ಬಿಡಬೇಕು

ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾದದ್ದು 2024ರ ಮಾರ್ಚ್‌ನಲ್ಲಿ. ಅದಾದ ಮೇಲೆ ನಮಗೆ ಬರುವ ಬಾಲಿ ಪ್ರಶ್ನೆಗಳ ಧಾಟಿಯೇ ಬೇರೆಯಾಗಿದೆ. ಮೊದಲೆಲ್ಲ ವೀಸಾ, ಬೀಚು, ದೇವಸ್ಥಾನ ಅಂತ ಕೇಳುತ್ತಿದ್ದರು. ಈಗ ಅಜ್ಜ ಅಜ್ಜಿಯಿಂದ ಹಿಡಿದು ಮೊಮ್ಮಕ್ಕಳ ತನಕ ಇಡೀ ಮನೆಯೇ ಹೊರಡುತ್ತದೆ, ಅಡುಗೆಮನೆ ಇರುವ ವಿಲ್ಲಾ ಹಿಡಿಯುತ್ತದೆ, ಹಾಗಾಗಿ ಅಕ್ಕಿ ಸಿಗುತ್ತಾ, ಮೊಸರು ಹೇಗಿರುತ್ತೆ, ಬಿಲ್ ಯಾಕೆ ಇಷ್ಟು ಬಂತು ಅನ್ನುವ ಪ್ರಶ್ನೆಗಳೇ ಜಾಸ್ತಿ. ಈ ಸಲದ ಅಂಕಣ ಪೂರ್ತಿ ಅವಕ್ಕೇ ಮೀಸಲು.

ಸೆಮಿನ್ಯಾಕ್ ಹತ್ತಿರ ಅಡುಗೆಮನೆ ಇರುವ ವಿಲ್ಲಾ ಬುಕ್ ಮಾಡಿದ್ದೇವೆ. ಅತ್ತೆ, ಮಾವ, ಇಬ್ಬರು ಮಕ್ಕಳು ಜೊತೆಗಿದ್ದಾರೆ. ಅತ್ತೆ ಈಗಲೇ ಅಕ್ಕಿ, ಬೇಳೆ, ರವೆ ಎಲ್ಲ ಕಟ್ಟಲು ಶುರುಮಾಡಿದ್ದಾರೆ. ಅಷ್ಟೆಲ್ಲ ಹೊರಬೇಕಾ? (ಮೈಸೂರಿನ ಓದುಗರು)

ಅಕ್ಕಿ ಖಂಡಿತ ಬೇಡ. ಬಾಲಿಯವರು ನಮ್ಮಂತೆಯೇ ಅನ್ನ ಉಣ್ಣುವ ಜನ, ಬೆಳಗಿನ ತಿಂಡಿಗೂ ಅನ್ನವೇ. ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ಅಕ್ಕಿಗೆ ಒಂದು ಜಾಗ ಇದ್ದೇ ಇರುತ್ತದೆ. ಚೀಲದ ಮೇಲೆ ‘ಬೆರಾಸ್’ ಅಂತ ಇರುತ್ತದೆ. 5 ಕಿಲೋ ಚೀಲ ಸಾಮಾನ್ಯ, ಅದಕ್ಕಿಂತ ಚಿಕ್ಕದೂ ಸಿಗುತ್ತದೆ. ಸೋನಾ ಮಸೂರಿಗೆ ಹೋಲಿಸಿದರೆ ಅಲ್ಲಿನ ಅನ್ನ ಸ್ವಲ್ಪ ಅಂಟು. ನೀರು ಕಡಿಮೆ ಇಟ್ಟರೆ ಉದುರಾಗಿಯೇ ಬರುತ್ತದೆ. ಬಾಸ್ಮತಿ ಬೇಕೆಂದರೆ ಆಮದು ಸಾಮಾನಿನ ಸಾಲಿನಲ್ಲಿ ನೋಡಿ, ಬೆಲೆ ಜಾಸ್ತಿ. ನನ್ನನ್ನು ಕೇಳಿದರೆ ಕೆಂಪಕ್ಕಿ ಒಂದು ಸಲ ಮಾಡಿ ನೋಡಿ. ತಬಾನನ್ ಜಿಲ್ಲೆಯ ಜತಿಲುವಿ ಗದ್ದೆಗಳ ಕೆಂಪಕ್ಕಿ ಹೆಸರಾಂತದ್ದು. ಆ ಮೆಟ್ಟಿಲು ಗದ್ದೆಗಳಿಗೆ ನೀರು ಹಂಚುವ ಸುಬಾಕ್ ಪದ್ಧತಿ 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ. ಗದ್ದೆ ನೋಡಲು ಕಾರು ಮಾಡಿಕೊಂಡು ಹೋಗುವ ನಮ್ಮವರು ಅದೇ ಅಕ್ಕಿಯ ಅನ್ನ ಉಣ್ಣದೆ ವಾಪಸ್ ಬರುತ್ತಾರೆ, ಅದು ನನಗೆ ನಿಜವಾಗಿ ಬೇಸರ.

ತರಕಾರಿಯ ಕಡೆ ಹೋದರೆ ನಿಮ್ಮ ಅತ್ತೆಗೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ. ಬದನೆ, ಹಾಗಲ, ಉದ್ದ ಅಲಸಂದೆ ಕಾಯಿ, ಸೀಮೆಬದನೆ, ಹರಿವೆ ಸೊಪ್ಪು, ಎಳೆ ಹಲಸು, ಹಸಿ ಅರಿಶಿನದ ಕೊಂಬು, ಶುಂಠಿ, ಹುಣಸೆ, ತೆಂಗು, ಕೊತ್ತಂಬರಿ ಬೀಜ, ಎಲ್ಲ ಅಲ್ಲಿನವರೂ ದಿನಾ ಬಳಸುವುದೇ. ಹೆಸರುಕಾಳಿಗೆ ‘ಕಚಾಂಗ್ ಹಿಜಾವ್’ ಅಂತ ಹೇಳುತ್ತಾರೆ, ಸುಲಭವಾಗಿ ಸಿಗುತ್ತದೆ. ಸಣ್ಣ ಈರುಳ್ಳಿ ಧಾರಾಳ. ಬೆಲ್ಲದ ಬದಲು ತಾಳೆಬೆಲ್ಲ ಇದೆ, ಪಾಯಸಕ್ಕೆ ಬಹಳ ಚೆನ್ನ. ಕಾಯಿ ತುರಿಯಲು ಪುರುಸೊತ್ತಿಲ್ಲದಿದ್ದರೆ ‘ಸಂತಾನ್’ ಅಂದರೆ ತೆಂಗಿನಹಾಲಿನ ಚಿಕ್ಕ ಪ್ಯಾಕೆಟ್ ತಗೊಳ್ಳಿ. ಎಣ್ಣೆ ಮಾತ್ರ ಹೆಚ್ಚಾಗಿ ತಾಳೆಎಣ್ಣೆ, ಸೂರ್ಯಕಾಂತಿ ಎಣ್ಣೆ ತುಸು ದುಬಾರಿ.

ಊರಿಂದ ಒಯ್ಯಬೇಕಾದದ್ದು ತೊಗರಿಬೇಳೆ, ಉದ್ದಿನಬೇಳೆ, ಸಾರಿನ ಪುಡಿ, ಇಂಗು, ಬ್ಯಾಡಗಿ ಮೆಣಸಿನ ಪುಡಿ, ಸ್ವಲ್ಪ ರವೆ, ಒಂದು ಡಬ್ಬಿ ಚಟ್ನಿಪುಡಿ. ಇಷ್ಟು ಸಾಕು. ಕರಿಬೇವು ಅಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಹಾಗಂತ ಹಸಿ ಸೊಪ್ಪು ಒಯ್ಯಬೇಡಿ. ಹಸಿ ಸೊಪ್ಪು, ಹಣ್ಣು, ಗಿಡ, ಬಿತ್ತಿದರೆ ಮೊಳೆಯುವ ಕಾಳು ಇವೆಲ್ಲ ಕ್ವಾರಂಟೈನ್ ನಿಯಮಕ್ಕೆ ಬರುತ್ತವೆ. ಕರಿಬೇವನ್ನು ಗರಿಗರಿಯಾಗಿ ಹುರಿದು ಪುಡಿಗೆ ಸೇರಿಸಿಬಿಡಿ. ಇಳಿಯುವ ಮೊದಲು ಆನ್‌ಲೈನ್‌ನಲ್ಲಿ ತುಂಬುವ ಕಸ್ಟಮ್ಸ್ ಫಾರ್ಮ್‌ನಲ್ಲಿ ಆಹಾರ ಇದೆ ಎಂದು ನಿಜವನ್ನೇ ಬರೆಯಿರಿ. ಕುಕ್ಕರ್ ಒಯ್ಯುವ ಯೋಚನೆ ಇದ್ದರೆ ಮೊದಲು ವಿಲ್ಲಾದವರನ್ನು ಕೇಳಿ, ಅನ್ನ ಮಾಡುವ ವಿದ್ಯುತ್ ಕುಕ್ಕರ್ ಅಲ್ಲಿ ಬಹುತೇಕ ಮನೆಗಳಲ್ಲಿ ಇರುತ್ತದೆ.

ನಾವು ಶುದ್ಧ ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ನಮ್ಮಲ್ಲಿ ಹಸಿರು ಚುಕ್ಕೆ ನೋಡಿ ತಗೊಳ್ಳುತ್ತೇವೆ. ಅಲ್ಲಿ ಹೇಗೆ ಗೊತ್ತುಮಾಡಿಕೊಳ್ಳುವುದು? (ಹುಬ್ಬಳ್ಳಿಯ ಓದುಗರು)

ಹಸಿರು ಚುಕ್ಕೆ ಇಂಡೋನೇಷ್ಯಾದಲ್ಲಿ ಇಲ್ಲ. ಅದರ ಬದಲು ಕಾಣುವುದು ಹಲಾಲ್ ಗುರುತು. ಅದು ಸಸ್ಯಾಹಾರ ಅನ್ನುವುದಕ್ಕೆ ಗುರುತಲ್ಲ, ಕೋಳಿ, ದನದ ಮಾಂಸ ಇದ್ದರೂ ಹಲಾಲ್ ಇರಬಹುದು. ಹಂದಿಯ ಅಂಶ ಇರುವ ಪ್ಯಾಕೆಟ್ ಮೇಲೆ ಹಂದಿಯ ಚಿತ್ರ ಹಾಕಿ ‘ಮೆಂಗಾಂಡುಂಗ್ ಬಾಬಿ’ ಅಂತ ಎದ್ದು ಕಾಣುವಂತೆ ಬರೆಯಬೇಕು ಅನ್ನುವ ನಿಯಮ ಇದೆ, ಆದರೆ ಮಿಕ್ಕ ಮಾಂಸಕ್ಕೆ ಅಂಥ ಚಿತ್ರ ಇಲ್ಲ.

ಹಾಗಾಗಿ ಪ್ಯಾಕೆಟ್ ತಿರುಗಿಸಿ ‘ಕೊಂಪೊಸಿಸಿ’ ಎಂಬ ಶೀರ್ಷಿಕೆ ಹುಡುಕಿ. ಪದಾರ್ಥಗಳ ಪಟ್ಟಿ ಅಲ್ಲಿಂದ ಶುರು. ಕೆಲವು ಪದ ಫೋನಿನಲ್ಲಿ ಬರೆದಿಟ್ಟುಕೊಂಡರೆ ಆಯಿತು: ಇಕಾನ್ ಅಂದರೆ ಮೀನು, ಉಡಾಂಗ್ ಸಿಗಡಿ, ಎಬಿ ಒಣ ಸಿಗಡಿ, ಆಯಮ್ ಕೋಳಿ, ಸಾಪಿ ದನ, ತೆಲುರ್ ಮೊಟ್ಟೆ, ಸುಸು ಹಾಲು, ತೆರಾಸಿ ಸಿಗಡಿ ಹುದುಗಿಸಿ ಮಾಡಿದ ಮುದ್ದೆ, ಅಬೊನ್ ಮಾಂಸದ ಎಳೆ. ಕಾಲ್ಡು ಅಂದರೆ ಬೇಯಿಸಿ ಬಸಿದ ಸಾರು, ಸಾಮಾನ್ಯವಾಗಿ ಕೋಳಿಯದೋ ದನದ್ದೋ.

ಒಂದು ಸಹಾಯ ಅಲ್ಲಿನ ನಿಯಮದಿಂದಲೇ ಸಿಗುತ್ತದೆ. ಅಲರ್ಜಿ ಆಗಬಹುದಾದ ಪದಾರ್ಥಗಳನ್ನು ಪಟ್ಟಿಯಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚುಹಾಕಬೇಕು. ಮೀನು, ಸಿಗಡಿ, ಮೊಟ್ಟೆ, ಹಾಲು, ಸೋಯಾ, ಶೇಂಗಾ ಇವೆಲ್ಲ ಅದರಲ್ಲಿ ಬರುತ್ತವೆ, ಹಾಗಾಗಿ ಬೇಗ ಕಣ್ಣಿಗೆ ಬೀಳುತ್ತವೆ. ಆದರೆ ಹುಷಾರು, ಕೋಳಿ ಮತ್ತು ದನದ ಮಾಂಸ ಆ ಗುಂಪಿಗೆ ಸೇರುವುದಿಲ್ಲ, ಅವು ತೆಳು ಅಕ್ಷರದಲ್ಲೇ ಇರುತ್ತವೆ. ದಪ್ಪ ಅಕ್ಷರ ನೋಡಿ ಪರವಾಗಿಲ್ಲ ಅಂದುಕೊಂಡು ಬುಟ್ಟಿಗೆ ಹಾಕಬೇಡಿ, ಪಟ್ಟಿ ಪೂರ್ತಿ ಓದಿ.

ಈಗ ಒಂದೊಂದೇ ಸಾಮಾನು. ಸಾಂಬಲ್, ಅಂದರೆ ಮೆಣಸಿನ ಚಟ್ನಿ, ಬಾಟಲಿಯಲ್ಲಿ ಹತ್ತಾರು ಬಗೆ ಸಿಗುತ್ತದೆ. ‘ಸಾಂಬಲ್ ತೆರಾಸಿ’ ಅಂತಿದ್ದರೆ ಸಿಗಡಿ ಇದೆ, ಬಿಟ್ಟುಬಿಡಿ. ‘ಸಾಂಬಲ್ ಅಸ್ಲಿ’ ಮಾದರಿಯ ಸಾದಾ ಮೆಣಸಿನ ಚಟ್ನಿಯನ್ನು ಪಟ್ಟಿ ನೋಡಿ ತಗೊಳ್ಳಬಹುದು. ಕೆಚಪ್ ಅಂದರೆ ಅಲ್ಲಿ ಸೋಯಾ ಸಾಸ್. ‘ಕೆಚಪ್ ಮಾನಿಸ್’ ಸಿಹಿ, ‘ಕೆಚಪ್ ಆಸಿನ್’ ಉಪ್ಪು, ‘ಕೆಚಪ್ ಇಕಾನ್’ ಮಾತ್ರ ಮೀನಿನದು. ಮೂರೂ ಬಾಟಲಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಹಪ್ಪಳದ ಸಾಲಿನಲ್ಲಿ ಇನ್ನೂ ಎಚ್ಚರ ಬೇಕು. ಮಕ್ಕಳು ಓಡಿಹೋಗಿ ಎತ್ತಿಕೊಳ್ಳುವುದು ‘ಕ್ರುಪುಕ್ ಉಡಾಂಗ್’, ಅದು ಸಿಗಡಿ ಹಪ್ಪಳ. ‘ಕ್ರುಪುಕ್ ಕುಲಿತ್’ ಅಂದರೆ ಚರ್ಮ ಹುರಿದದ್ದು. ಬದಲಿಗೆ ‘ಎಂಪಿಂಗ್’ ತಗೊಳ್ಳಿ, ಮೆಲಿಂಜೊ ಮರದ ಬೀಜ ಜಜ್ಜಿ ಮಾಡಿದ್ದು, ತುಸು ಕಹಿ, ಊಟಕ್ಕೆ ನೆಂಚಿಕೊಳ್ಳಲು ಚೆನ್ನಾಗಿರುತ್ತದೆ. ಮರಗೆಣಸಿನ ಚಿಪ್ಸ್, ಬಾಳೆ ಚಿಪ್ಸ್ ಇದ್ದೇ ಇವೆ. ಆಲೂ ಚಿಪ್ಸ್‌ನಲ್ಲಿ ‘ರಸ ಸಾಪಿ ಪಂಗಾಂಗ್’ ಎಂದರೆ ಸುಟ್ಟ ದನದ ಮಾಂಸದ ರುಚಿಯದು. ಇನ್‌ಸ್ಟಂಟ್ ನೂಡಲ್ಸ್‌ನಲ್ಲಿ ಮಸಾಲೆ ಪುಡಿ, ಎಣ್ಣೆಯ ಪುಟ್ಟ ಪ್ಯಾಕೆಟ್‌ಗಳಲ್ಲೇ ಇರುತ್ತದೆ ಸಮಸ್ಯೆ. ಮೊಸರು ‘ಪ್ಲೇನ್’ ಅಂತ ಇರುವುದು ತಗೊಳ್ಳಿ, ಇಲ್ಲದಿದ್ದರೆ ಸಕ್ಕರೆ ಹಾಕಿದ್ದು ಬರುತ್ತದೆ. ಜೆಲಾಟಿನ್ ಇದೆಯೇ ಅಂತಲೂ ನೋಡಿ, ಕೆಲವು ಕಂಪನಿಗಳು ಮೊಸರು ಗಟ್ಟಿಯಾಗಲೆಂದು ಹಾಕುತ್ತವೆ, ಅದು ಪ್ರಾಣಿಯಿಂದ ಬರುವುದು. ಬ್ರೆಡ್ಡಿನ ಸಾಲಿನಲ್ಲಿ ಬನ್ನಿನ ಮೇಲೆ ಕಂದು ಬಣ್ಣದ ಎಳೆ ಉದುರಿಸಿದ್ದರೆ ಅದೇ ಅಬೊನ್.

ಇಷ್ಟು ಓದಿ ಗಾಬರಿಯಾಗಬೇಡಿ. ಸಸ್ಯಾಹಾರಿಗೆ ಆ ಊರಲ್ಲಿ ಎರಡು ದೊಡ್ಡ ಆಸರೆ ಇವೆ, ತೆಂಪೆ ಮತ್ತು ತಾಹು. ತೆಂಪೆ ಅಂದರೆ ಸೋಯಾಕಾಳು ಬೇಯಿಸಿ, ಹುದುಗು ಬರಿಸಿ, ಬಿಲ್ಲೆ ಮಾಡಿದ್ದು. ತಾಹು ಅಂದರೆ ತೋಫು. ಎರಡೂ ಅಗ್ಗ, ಎರಡೂ ಎಲ್ಲ ಅಂಗಡಿಗಳಲ್ಲಿ ಸಿಗುತ್ತವೆ. ತೆಂಪೆಯನ್ನು ತೆಳ್ಳಗೆ ಕೊಯ್ದು, ಉಪ್ಪು, ಅರಿಶಿನ, ಜಜ್ಜಿದ ಬೆಳ್ಳುಳ್ಳಿ, ಕೊತ್ತಂಬರಿ ಪುಡಿ ಸವರಿ ಎಣ್ಣೆಯಲ್ಲಿ ಕರಿದು ಸಾರನ್ನದ ಜೊತೆ ಕೊಡಿ, ಮನೆಯ ಹಿರಿಯರೂ ಬೇಡ ಅನ್ನುವುದಿಲ್ಲ. ಪನೀರ್ ಹುಡುಕಿಕೊಂಡು ಅಂಗಡಿ ಅಂಗಡಿ ಅಲೆಯುವ ಬದಲು ಇದನ್ನು ಕಲಿಯುವುದು ಒಳ್ಳೆಯದು. ರುಚಿಗೆ ಮಸಾಲೆ ಪುಡಿ ಬೇಕೆಂದರೆ ಕೋಳಿ, ದನದ ರುಚಿಯ ಪ್ಯಾಕೆಟ್‌ಗಳ ಪಕ್ಕದಲ್ಲೇ ‘ಕಾಲ್ಡು ಜಾಮುರ್’ ಇರುತ್ತದೆ, ಅದು ಅಣಬೆಯದು.

ದ್ರಾಕ್ಷಿಯ ಬೆಲೆ ಕಡಿಮೆ ಅಂತ ತಗೊಂಡೆವು, ಬಿಲ್ಲಿನಲ್ಲಿ ಹತ್ತು ಪಟ್ಟು ಬಂದಿತ್ತು. ಮೋಸ ಹೋದೆವಾ? (ಬೆಂಗಳೂರಿನ ಓದುಗರು)

ಬಹುಶಃ ಇಲ್ಲ. ಚೀಟಿಯಲ್ಲಿ ಬೆಲೆಯ ಪಕ್ಕ ಸಣ್ಣದಾಗಿ ‘100 ಗ್ರಾಂ’ ಎಂದು ಇದ್ದಿರಬೇಕು. ಅಲ್ಲಿನ ಸೂಪರ್‌ಮಾರ್ಕೆಟ್‌ಗಳಲ್ಲಿ ಹಣ್ಣು, ಚೀಸ್, ಮಾಂಸದ ಬೆಲೆಯನ್ನು 100 ಗ್ರಾಂ ಲೆಕ್ಕದಲ್ಲಿ ಬರೆಯುವುದು ಸಾಮಾನ್ಯ. ನಾವು ಕಿಲೋ ಲೆಕ್ಕದಲ್ಲಿ ಯೋಚಿಸುತ್ತೇವೆ, ಅಲ್ಲೇ ಎಡವಟ್ಟು. ಹಣ್ಣು ತರಕಾರಿಯನ್ನು ಆ ವಿಭಾಗದಲ್ಲೇ ತೂಕ ಮಾಡಿಸಿ ಸ್ಟಿಕರ್ ಅಂಟಿಸಿಕೊಂಡೇ ಬಿಲ್ಲಿಂಗ್‌ಗೆ ಹೋಗಬೇಕು, ಆ ಸ್ಟಿಕರ್ ಮೇಲೆ ಪೂರ್ತಿ ಬೆಲೆ ಇರುತ್ತದೆ. ಜಾಸ್ತಿ ಅನ್ನಿಸಿದರೆ ಅಲ್ಲೇ ವಾಪಸ್ ಇಟ್ಟುಬಿಡಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ.

ಚುಕ್ಕಿಯ ವಿಷಯವೂ ಇದೆ. ಅಲ್ಲಿ 25.000 ಅಂದರೆ ಇಪ್ಪತ್ತೈದು ಸಾವಿರ. ಸಾವಿರಕ್ಕೆ ಅವರು ಚುಕ್ಕಿ ಹಾಕುತ್ತಾರೆ, ದಶಾಂಶಕ್ಕೆ ಕಾಮಾ. ಕೆಲವು ಕಡೆ ಮೂರು ಸೊನ್ನೆ ಬಿಟ್ಟು ‘25 ಕೆ’ ಅಂತಲೂ ಬರೆಯುತ್ತಾರೆ. ಲೆಕ್ಕಕ್ಕೆ ಸುಲಭ ದಾರಿ ಹೇಳುತ್ತೇನೆ: 1,000 ರುಪಿಯಾ ಅಂದರೆ ನಮ್ಮ 5 ರೂಪಾಯಿ ಚಿಲ್ಲರೆ. ಮೂರು ಸೊನ್ನೆ ತೆಗೆಯಿರಿ, ಐದರಿಂದ ಗುಣಿಸಿ, ಸ್ವಲ್ಪ ಮೇಲೆ ಸೇರಿಸಿ. ಹೊರಡುವ ಮುಂಚೆ ಆ ದಿನದ ದರ ಒಮ್ಮೆ ನೋಡಿಕೊಂಡರೆ ಸಾಕು.

ನೋಟು ಕೊಡುವಾಗ 10,000 ಮತ್ತು 1,00,000 ಬೇರೆ ಬೇರೆ ಕಡೆ ಇಟ್ಟುಕೊಳ್ಳಿ. ಒಂದು ನೇರಳೆ, ಒಂದು ಕೆಂಪು, ಆದರೆ ಮಂದ ಬೆಳಕಿನಲ್ಲಿ ಅವಸರದಲ್ಲಿ ಸೊನ್ನೆ ಎಣಿಸುವುದು ಕಷ್ಟ. ದೊಡ್ಡ ಅಂಗಡಿಗಳಲ್ಲಿ ಕಾರ್ಡ್ ನಡೆಯುತ್ತದೆ, ಇಂತಿಷ್ಟಕ್ಕಿಂತ ಕಡಿಮೆ ಬಿಲ್ಲಿಗೆ ಕಾರ್ಡ್ ಬೇಡ ಅನ್ನುವ ಕಡೆಯೂ ಉಂಟು. ಇಂಡೊಮಾರೆಟ್, ಆಲ್ಫಾಮಾರ್ಟ್‌ನಂಥ ಚಿಕ್ಕ ಅಂಗಡಿಗಳಲ್ಲಿ ಉಳಿದ ಚಿಲ್ಲರೆಯನ್ನು ದಾನಕ್ಕೆ ಕೊಡುತ್ತೀರಾ ಅಂತ ಕೇಳುತ್ತಾರೆ. ಕೊಡುವುದು ಬಿಡುವುದು ನಿಮ್ಮಿಷ್ಟ. ಅಂದ ಹಾಗೆ ಸೂಪರ್‌ಮಾರ್ಕೆಟ್‌ನ ಶೆಲ್ಫ್ ಬೆಲೆಯಲ್ಲಿ ತೆರಿಗೆ ಸೇರಿರುತ್ತದೆ. ಮೆನುವಿನಲ್ಲಿ ಬೆಲೆಯ ಪಕ್ಕ ಎರಡು ಪ್ಲಸ್ ಗುರುತು ಹಾಕಿ ತೆರಿಗೆ, ಸರ್ವಿಸ್ ಚಾರ್ಜ್ ಬೇರೆ ಕೇಳುವುದು ಹೋಟೆಲುಗಳಲ್ಲಿ.

ಬಾಲಿ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಸೂಪರ್‌ಮಾರ್ಕೆಟ್‌ನಲ್ಲಿ ಮಾತ್ರ ಬೆಂಗಳೂರಿಗಿಂತ ದುಬಾರಿ ಅನ್ನಿಸಿತು, ಪಕ್ಕದ ಚಿಕ್ಕ ದ್ವೀಪ ನುಸಾ ಪೆನಿಡಾದಲ್ಲಂತೂ ಇನ್ನೂ ಜಾಸ್ತಿ. ಯಾಕೆ? (ಮಂಗಳೂರಿನ ಓದುಗರು)

ನೀವು ಯಾವ ಸಾಲಿನಿಂದ ಏನು ತಗೊಂಡಿರಿ ಅನ್ನುವುದರ ಮೇಲೆ ನಿಂತಿದೆ. ಸೆಮಿನ್ಯಾಕ್, ಚಾಂಗು, ಉಬುದ್ ಕಡೆಯ ದೊಡ್ಡ ಅಂಗಡಿಗಳಿಗೆ ಪ್ರವಾಸಿಗಳು, ಅಲ್ಲೇ ಮನೆ ಮಾಡಿಕೊಂಡಿರುವ ವಿದೇಶಿಯರು ಹೆಚ್ಚಾಗಿ ಬರುತ್ತಾರೆ. ಬಿಂತಾಂಗ್, ಪೆಪಿಟೊ ಇಂಥ ಸೂಪರ್‌ಮಾರ್ಕೆಟ್‌ಗಳಲ್ಲಿ ಆಸ್ಟ್ರೇಲಿಯಾದ ಚೀಸ್, ಹೊರದೇಶದ ಸೇಬು, ದ್ರಾಕ್ಷಿ, ಓಟ್ಸ್, ಬಾದಾಮಿ ಹಾಲು ಎಲ್ಲ ಕಣ್ಣಿಗೆ ಬೀಳುವಂತೆ ಇಟ್ಟಿರುತ್ತಾರೆ. ಅವು ಸಾಗರ ದಾಟಿ, ಸುಂಕ ಕಟ್ಟಿ ಬಂದವು. ಅವುಗಳ ಬೆಲೆ ನೋಡಿ ಬಾಲಿ ದುಬಾರಿ ಅನ್ನುವುದು ಸರಿಯಲ್ಲ. ಪ್ಯಾಕೆಟ್‌ನ ಹಿಂಬದಿಯಲ್ಲಿ ಆಹಾರ ಇಲಾಖೆಯ ನೋಂದಣಿ ಸಂಖ್ಯೆ ಇರುತ್ತದೆ. ಅದು ‘ಎಂಡಿ’ ಅಕ್ಷರಗಳಿಂದ ಶುರುವಾದರೆ ಇಂಡೋನೇಷ್ಯಾದಲ್ಲೇ ಮಾಡಿದ್ದು, ‘ಎಂಎಲ್’ ಆದರೆ ಹೊರಗಿನಿಂದ ತರಿಸಿದ್ದು. ಒಂದೇ ತರಹದ ಎರಡು ಬಿಸ್ಕತ್ತು ಪಕ್ಕಪಕ್ಕ ಇದ್ದಾಗ ಇದನ್ನು ನೋಡಿದರೆ ಬೆಲೆಯ ಗುಟ್ಟು ತಿಳಿಯುತ್ತದೆ.

ಇನ್ನು ದೇಶದ ಒಳಗಿನ ಸಾಮಾನಿನ ಮಾತು. ಸೋಪು, ಬಿಸ್ಕತ್ತು, ನೂಡಲ್ಸ್, ಎಣ್ಣೆ, ಹಾಲಿನ ಪ್ಯಾಕೆಟ್ ಬಹುಪಾಲು ಜಾವಾದ ಕಾರ್ಖಾನೆಗಳಿಂದ ಬರುತ್ತವೆ. ಜಾವಾ ಮತ್ತು ಬಾಲಿ ನಡುವೆ ಕಿರಿದಾದ ಜಲಸಂಧಿ ಇದೆ, ಸೇತುವೆ ಇಲ್ಲ. ಲಾರಿಗಳು ಆ ಕಡೆಯ ಕೆತಾಪಾಂಗ್‌ನಲ್ಲಿ ಫೆರಿ ಹತ್ತಿ ಈ ಕಡೆಯ ಗಿಲಿಮಾನುಕ್‌ನಲ್ಲಿ ಇಳಿಯುತ್ತವೆ, ಅಲ್ಲಿಂದ ದ್ವೀಪದ ಇಕ್ಕಟ್ಟಾದ ರಸ್ತೆಯಲ್ಲಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಓಡಿ ಡೆನ್ಪಸಾರ್ ಸೇರಬೇಕು. ಗಾಳಿ, ಅಲೆ ಜೋರಾದರೆ ಫೆರಿ ನಿಲ್ಲುತ್ತದೆ, ಲಾರಿಗಳ ಸಾಲು ಬೆಳೆಯುತ್ತದೆ. ಆ ಖರ್ಚೆಲ್ಲ ಕೊನೆಗೆ ಶೆಲ್ಫಿನ ಚೀಟಿಗೇ ಬರುವುದು.

ನುಸಾ ಪೆನಿಡಾಕ್ಕೆ ಹೋದರೆ ಅದೇ ಸಾಮಾನು ಇನ್ನೊಂದು ಸಲ ದೋಣಿ ಹತ್ತುತ್ತದೆ. ಲೊಂಬೊಕ್ ಪಕ್ಕದ ಗಿಲಿ ದ್ವೀಪಗಳಲ್ಲಿ ಪೆಟ್ರೋಲಿನಲ್ಲಿ ಓಡುವ ಕಾರು, ಬೈಕೇ ಇಲ್ಲ. ದೋಣಿಯಿಂದ ಇಳಿಸಿದ ನೀರಿನ ಕ್ಯಾನು, ಅಕ್ಕಿ ಮೂಟೆ ಎಲ್ಲ ಕುದುರೆ ಗಾಡಿಯಲ್ಲಿ ಅಂಗಡಿ ತಲುಪಬೇಕು. ಹೊತ್ತು ತರುವ ಕೈಗಳು ಎಷ್ಟೊಂದು ಅಂತ ನೋಡಿದ ಮೇಲೆ ಅಲ್ಲಿ ಚೌಕಾಸಿ ಮಾಡಲು ನನಗೆ ಮನಸ್ಸು ಬರುವುದಿಲ್ಲ. ಚಿಕ್ಕ ದ್ವೀಪಗಳಿಗೆ ಹೋಗುವಾಗ ಮಕ್ಕಳ ಡೈಪರ್, ಹಾಲಿನ ಪುಡಿ, ಸನ್‌ಸ್ಕ್ರೀನ್, ಔಷಧಿ ಸಾನೂರ್ ಅಥವಾ ಡೆನ್ಪಸಾರ್‌ನಲ್ಲೇ ತಗೊಂಡು ಹೊರಡಿ. ಹಣ್ಣು, ತೆಂಗು, ಮೊಟ್ಟೆಯನ್ನು ಅಲ್ಲಿನ ಅಂಗಡಿಯವರಿಂದಲೇ ಕೊಳ್ಳಿ.

ಕರಾವಳಿಯವರು ನಾವು, ಮೀನಿಲ್ಲದೆ ಆಗುವುದಿಲ್ಲ. ಸೂಪರ್‌ಮಾರ್ಕೆಟ್‌ನ ಮೀನು ತಗೊಳ್ಳಬಹುದಾ? (ಉಡುಪಿಯ ಓದುಗರು)

ತಗೊಳ್ಳಬಹುದು, ಆದರೆ ಜಿಂಬಾರನ್ ಹತ್ತಿರದ ಕೆಡೊಂಗಾನನ್ ಮೀನು ಮಾರುಕಟ್ಟೆ ಇರುವಾಗ ಯಾಕೆ? ಬೆಳಿಗ್ಗೆ ಬೇಗ ಹೋಗಿ. ನಿಮ್ಮ ಬಂಗುಡೆ ಅಲ್ಲಿ ‘ಕೆಂಬುಂಗ್’, ಅಂಜಲ್ ‘ತೆಂಗಿರಿ’, ಮಾಂಜಿ ‘ಬಾವಲ್’, ಬೊಂಡಾಸ್ ‘ಚುಮಿ’. ಬೂತಾಯಿಯ ಹತ್ತಿರದ ನೆಂಟ ‘ಲೆಮುರು’ ಬಾಲಿ ಜಲಸಂಧಿಯಲ್ಲಿ ಹೇರಳ, ಡಬ್ಬಿಯಲ್ಲೂ ಸಿಗುತ್ತದೆ. ಆರಿಸುವುದು ಹೇಗೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ, ಕಣ್ಣು, ಕಿವಿರು ನೋಡುವುದು ಎಲ್ಲ ಕಡೆಯೂ ಒಂದೇ. ಹುಣಸೆ, ಕಾಯಿ, ಸಣ್ಣ ಈರುಳ್ಳಿ ಅಲ್ಲೇ ಇದೆ, ಬ್ಯಾಡಗಿ ಮೆಣಸು ನಿಮ್ಮ ಚೀಲದಲ್ಲಿದ್ದರೆ ಗಸಿಗೆ ಇನ್ನೇನು ಬೇಕು.

ಮಾರ್ಚ್‌ನಲ್ಲಿ ಹೋಗುತ್ತಿದ್ದೇವೆ. ಒಂದು ದಿನ ಇಡೀ ದ್ವೀಪದಲ್ಲಿ ಅಂಗಡಿಯೇ ತೆರೆಯುವುದಿಲ್ಲ ಅಂತ ಕೇಳಿದೆ. ನಿಜವಾ? (ತುಮಕೂರಿನ ಓದುಗರು)

ನಿಜ, ಅದು ನ್ಯೆಪಿ ಹಬ್ಬ. ಬಾಲಿಯವರ ಶಕ ವರ್ಷದ ಹೊಸ ವರ್ಷ, ಮೌನದ ದಿನ. ಬೆಳಿಗ್ಗೆ 6ರಿಂದ ಮರುದಿನ ಬೆಳಿಗ್ಗೆ 6ರವರೆಗೆ ಅಂಗಡಿ, ರಸ್ತೆ, ಬೀಚು, ವಿಮಾನ ನಿಲ್ದಾಣ ಎಲ್ಲ ಬಂದ್. ಪ್ರವಾಸಿಗಳೂ ಹೋಟೆಲಿನ ಆವರಣ ಬಿಟ್ಟು ಹೊರಗೆ ಬರುವಂತಿಲ್ಲ. ರಾತ್ರಿ ದೀಪ ಹೊರಗೆ ಕಾಣಬಾರದು. 2018ರಿಂದ ಮೊಬೈಲ್ ಇಂಟರ್‌ನೆಟ್ಟನ್ನೂ ನಿಲ್ಲಿಸುತ್ತಾರೆ, ಹಾಗಾಗಿ ಊಟ ಆರ್ಡರ್ ಮಾಡುವ ಮಾತೇ ಇಲ್ಲ. ನಮ್ಮ ಯುಗಾದಿಗೂ ಇದಕ್ಕೂ ಲೆಕ್ಕ ಒಂದೇ ಕಡೆಯದು, ಕೆಲವು ವರ್ಷ ಎರಡೂ ಅಕ್ಕಪಕ್ಕ ಬರುತ್ತವೆ. 2025ರಲ್ಲಿ ನ್ಯೆಪಿ ಮಾರ್ಚ್ 29ಕ್ಕೆ, ಯುಗಾದಿ 30ಕ್ಕೆ ಇತ್ತು. ಎಲ್ಲ ವರ್ಷವೂ ಹೀಗೆ ಕೂಡಿಬರುವುದಿಲ್ಲ, ಟಿಕೆಟ್ ಮಾಡುವ ಮೊದಲು ಆ ವರ್ಷದ ದಿನಾಂಕ ನೋಡಿ.

ಸಾಮಾನು ಕೊಳ್ಳುವುದನ್ನು ಎರಡು ದಿನ ಮೊದಲೇ ಮುಗಿಸಿಬಿಡಿ. ಹಿಂದಿನ ದಿನ ಮಧ್ಯಾಹ್ನದ ಮೇಲೆ ಅಂಗಡಿಗಳು ಬೇಗ ಮುಚ್ಚುತ್ತವೆ, ಸಂಜೆ ಓಗೊ-ಓಗೊ ಎಂಬ ದೈತ್ಯ ಬೊಂಬೆಗಳ ಮೆರವಣಿಗೆ, ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವತ್ತು ಸೂಪರ್‌ಮಾರ್ಕೆಟ್‌ನ ಕ್ಯೂ ನೋಡಬೇಕು, ಬ್ರೆಡ್, ನೀರು, ನೂಡಲ್ಸ್ ಎಲ್ಲ ಖಾಲಿ. ನೀರು, ಹಾಲು, ಹಣ್ಣು, ಹಿರಿಯರ ಮಾತ್ರೆ, ಮಕ್ಕಳಿಗೆ ತಿನ್ನಲು ಏನಾದರೂ ಇವಿಷ್ಟು ತಂದಿಡಿ, ನಗದನ್ನೂ ಮೊದಲೇ ತೆಗೆದಿಟ್ಟುಕೊಳ್ಳಿ. ನ್ಯೆಪಿಯ ದಿನ ಪರದೆ ಎಳೆದು, ದನಿ ತಗ್ಗಿಸಿ ಮನೆಯಲ್ಲಿದ್ದರೆ ಅವರ ಹಬ್ಬಕ್ಕೆ ಮರ್ಯಾದೆ ಕೊಟ್ಟ ಹಾಗೂ ಆಗುತ್ತದೆ.

ಗಲುಂಗನ್ ಅಂತ ಇನ್ನೊಂದು ದೊಡ್ಡ ಹಬ್ಬ ಇದೆ, 210 ದಿನಕ್ಕೊಮ್ಮೆ ಬರುವುದು. ಅದಾಗಿ ಹತ್ತನೇ ದಿನ ಕುನಿಂಗನ್. ಪ್ರತಿ ಮನೆಯಲ್ಲೂ ಹಣ್ಣು ಜೋಡಿಸಿ ನೈವೇದ್ಯ ಮಾಡುವುದರಿಂದ ಆ ವಾರ ಬಾಳೆಹಣ್ಣು, ತೆಂಗು, ಹೂವಿನ ಬೆಲೆ ಏರುತ್ತದೆ, ನಮ್ಮಲ್ಲಿ ವರಮಹಾಲಕ್ಷ್ಮಿಗೆ ಏರುವ ಹಾಗೆಯೇ.

ಹಣ್ಣು ತರಕಾರಿಗೆ ಸೂಪರ್‌ಮಾರ್ಕೆಟ್ಟೋ, ಸಂತೆಯೋ? (ಶಿರಸಿಯ ಓದುಗರು)

ಸಂತೆ. ಬೆಳಿಗ್ಗೆ ಏಳುವುದಕ್ಕೆ ಆಗದಿದ್ದರೆ ಮಾತ್ರ ಸೂಪರ್‌ಮಾರ್ಕೆಟ್. ಸಾನೂರ್‌ನಲ್ಲಿ ಸಿಂಧು ಮಾರುಕಟ್ಟೆ, ಡೆನ್ಪಸಾರ್‌ನಲ್ಲಿ ದೊಡ್ಡ ಬಾಡುಂಗ್ ಮಾರುಕಟ್ಟೆ, ಉಬುದ್‌ನಲ್ಲಿ ನಸುಕಿನ ಸಂತೆ. ಉಬುದ್‌ಗೆ ಹೊತ್ತೇರಿದ ಮೇಲೆ ಹೋದರೆ ತರಕಾರಿ ಇರುವುದಿಲ್ಲ, ಬಟ್ಟೆ, ಬುಟ್ಟಿ ಮಾರುವವರು ಕೂತಿರುತ್ತಾರೆ. ಬೆಡುಗುಲ್ ಗುಡ್ಡದ ಕ್ಯಾರೆಟ್, ಎಲೆಕೋಸು, ಸ್ಟ್ರಾಬೆರಿ, ಕಿಂತಾಮನಿಯ ಕಿತ್ತಳೆ, ಕರಂಗಾಸೆಮ್ ಕಡೆಯ ಸಿಬೆತಾನ್ ಊರಿನ ಸಾಲಕ್ ಹಣ್ಣು ಇವೆಲ್ಲ ದ್ವೀಪದಲ್ಲೇ ಬೆಳೆದದ್ದು. ಸಾಲಕ್‌ನ ಸಿಪ್ಪೆ ಹಾವಿನ ಚರ್ಮದ ತರಹ ಇರುತ್ತದೆ, ತುದಿ ಚಿವುಟಿ ಬಿಡಿಸಿದರೆ ಒಳಗೆ ಗರಿಗರಿ ತೊಳೆ. ಮ್ಯಾಂಗೋಸ್ಟೀನ್, ರಂಬುಟಾನ್ ಮಳೆಗಾಲದ ಹಣ್ಣು, ಅಲ್ಲಿನ ಮಳೆಗಾಲ ಅಂದರೆ ಹೆಚ್ಚುಕಡಿಮೆ ನವೆಂಬರ್‌ನಿಂದ ಮಾರ್ಚ್. ಆ ಕಾಲದಲ್ಲಿ ಹೋದರೆ ಆಮದು ಸೇಬು ಮುಟ್ಟಲೇಬೇಡಿ.

ಸಂತೆ, ಅಂಗಡಿ ಎಲ್ಲ ಕಡೆ ಬಾಗಿಲ ಮುಂದೆ ಎಲೆಯ ಪುಟ್ಟ ತಟ್ಟೆಯಲ್ಲಿ ಹೂವು, ಊದುಬತ್ತಿ ಇಟ್ಟಿರುತ್ತಾರೆ. ಅದು ಚಾನಂಗ್, ದಿನದ ಪೂಜೆ. ತುಳಿಯದಂತೆ ಬಳಸಿ ನಡೆಯಿರಿ, ಮಕ್ಕಳಿಗೂ ಮೊದಲೇ ಹೇಳಿಡಿ.

ಕುಡಿಯುವ ನೀರು, ಪ್ಲಾಸ್ಟಿಕ್ ಚೀಲ? (ಧಾರವಾಡದ ಓದುಗರು)

ನಲ್ಲಿ ನೀರು ಕುಡಿಯಬೇಡಿ. ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ 19 ಲೀಟರಿನ ಕ್ಯಾನ್ ತರಿಸಿ, ‘ಗಾಲೊನ್’ ಅಂದರೆ ಸಾಕು, ಖಾಲಿ ಕ್ಯಾನ್ ವಾಪಸ್ ಕೊಡಬೇಕು. ವಿಲ್ಲಾದಲ್ಲಿ ಹೆಚ್ಚಾಗಿ ಅವರೇ ಇಟ್ಟಿರುತ್ತಾರೆ. ಬಟ್ಟೆ ಚೀಲ ಮರೆಯಬೇಡಿ. 2018ರ ಗವರ್ನರ್ ಆದೇಶದ ಪ್ರಕಾರ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚೀಲ, ಸ್ಟ್ರಾ, ಥರ್ಮೋಕೋಲ್ ಡಬ್ಬಿಗೆ ಅಲ್ಲಿ ನಿಷೇಧ ಇದೆ. ಬಿಲ್ಲಿಂಗ್ ಕೌಂಟರಿನಲ್ಲಿ ಚೀಲ ಕೇಳಿದರೆ ದುಡ್ಡು ಕೊಟ್ಟು ಬಟ್ಟೆ ಚೀಲ ಕೊಳ್ಳಬೇಕಾಗುತ್ತದೆ. ಮಳೆಗಾಲದಲ್ಲಿ ಕುತಾ ಬೀಚಿಗೆ ಬಂದು ಬೀಳುವ ಪ್ಲಾಸ್ಟಿಕ್ ನೋಡಿದವರಿಗೆ ಈ ನಿಯಮ ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಲ್ಲಿನ ಅರಕ್ ಪ್ರಸಿದ್ಧ ಅಂತಾರೆ, ರಸ್ತೆಬದಿಯಲ್ಲೂ ಮಾರುತ್ತಾರೆ. ತಗೊಳ್ಳಬಹುದಾ? (ಕಲಬುರಗಿಯ ಓದುಗರು)

ಲೇಬಲ್ ಇಲ್ಲದ ಬಾಟಲಿ ಮುಟ್ಟಬೇಡಿ. 2009ರಲ್ಲಿ ಮೆಥನಾಲ್ ಬೆರೆತ ಅರಕ್ ಕುಡಿದು ಬಾಲಿಯಲ್ಲಿ 25 ಮಂದಿ ಸತ್ತರು, ಅವರಲ್ಲಿ ವಿದೇಶಿಯರೂ ಇದ್ದರು. ಕುಡಿಯಲೇಬೇಕೆಂದರೆ ದೊಡ್ಡ ಅಂಗಡಿಯಿಂದ, ಸೀಲ್ ಮತ್ತು ಅಬಕಾರಿ ಚೀಟಿ ಇರುವುದನ್ನೇ ತಗೊಳ್ಳಿ. 21 ವರ್ಷ ತುಂಬಿರಬೇಕು. ಕುಡಿದ ಮೇಲೆ ಕಣ್ಣು ಮಂಜಾದರೆ ಅದನ್ನು ಅಮಲು ಅಂದುಕೊಂಡು ಮಲಗಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ನಾನು ಸಿಂಗಾಪುರದಲ್ಲಿದ್ದೇನೆ. ಅಮ್ಮ ದಾವಣಗೆರೆಯಿಂದ ಇಲ್ಲಿಗೆ ಬಂದು, ಇಲ್ಲಿಂದ ಇಬ್ಬರೂ ಬಾಲಿಗೆ ಹೋಗುವುದು. ಅಮ್ಮ ಮಸಾಲೆ ಸಾಮಾನು ತರುತ್ತಾರೆ, ವಾಪಸ್ ಹೋಗುವಾಗ ಬಾಲಿಯಿಂದ ಊರಿಗೆ ಏನು ಒಯ್ಯಬಹುದು? (ಸಿಂಗಾಪುರದ ಓದುಗರು)

ಅಮ್ಮನಿಗೆ ಇವತ್ತೇ ಫೋನ್ ಮಾಡಿ ಗಸಗಸೆ ತರಬೇಡಿ ಅಂತ ಹೇಳಿ. ಪಾಯಸಕ್ಕೆ, ಕುರ್ಮಾಕ್ಕೆ ಅಂತ ನಮ್ಮವರು ಡಬ್ಬಿಯಲ್ಲಿ ಹಾಕಿಕೊಂಡೇ ಹೊರಡುತ್ತಾರೆ, ಆದರೆ ಸಿಂಗಾಪುರದಲ್ಲಿ ಅದಕ್ಕೆ ಮಾದಕ ವಸ್ತು ಕಾನೂನಿನ ಕಟ್ಟುಪಾಡು ಇದೆ. ಬೀಜದಲ್ಲಿ ಮಾರ್ಫೀನ್‌ನ ಅಂಶ ಇರಬಹುದು ಅನ್ನುವುದು ಕಾರಣ. ಗಸಗಸೆ ಹಾಕಿ ಬೀಸಿದ ಮಸಾಲೆ ಪುಡಿಯೂ ಬೇಡ.

ವಾಪಸ್ ಒಯ್ಯಲು ಸೂಪರ್‌ಮಾರ್ಕೆಟ್‌ನಲ್ಲಿ ಬೇಕಾದಷ್ಟಿದೆ, ವಿಮಾನ ನಿಲ್ದಾಣದ ಅಂಗಡಿಯ ತನಕ ಕಾಯಬೇಡಿ. ಕಿಂತಾಮನಿ ಕಾಫಿ ಪುಡಿ, ಕುಸಾಂಬಾ ಅಥವಾ ಅಮೆದ್ ಕಡೆಯ ಸಮುದ್ರದ ಉಪ್ಪು, ತಾಳೆಬೆಲ್ಲ, ಎಂಪಿಂಗ್, ಗೋಡಂಬಿ. ಪುನುಗಿನ ಬೆಕ್ಕು ತಿಂದು ಹಾಕಿದ ಬೀಜದ ಲುವಾಕ್ ಕಾಫಿಯನ್ನು ನಾನು ಯಾರಿಗೂ ಹೇಳುವುದಿಲ್ಲ, ಆ ಪ್ರಾಣಿಗಳನ್ನು ಪಂಜರದಲ್ಲಿಟ್ಟು ಹಣ್ಣು ತಿನ್ನಿಸುವುದು ಸರಿಯಲ್ಲ. ಸಿಹಿ ಸೋಯಾ ಸಾಸ್ ಬಾಟಲಿ ಕೈಚೀಲದಲ್ಲಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸ್‌ನಲ್ಲಿ ಬಟ್ಟೆ ಸುತ್ತಿ ಇಡಿ. ಸಾಲಕ್, ಮ್ಯಾಂಗೋಸ್ಟೀನ್ ಮುಂತಾದ ಹಸಿ ಹಣ್ಣು, ಬೀಜ, ಸಸಿ ಭಾರತಕ್ಕೆ ತರಬೇಡಿ, ನಮ್ಮಲ್ಲೂ ಸಸ್ಯ ಕ್ವಾರಂಟೈನ್ ಇದೆ. ಅವನ್ನು ಅಲ್ಲೇ ತಿಂದು ಮುಗಿಸಿ.